ಹೂ ಬಿಟ್ಟ ಮರಗಳ ಚಿತ್ರಕಾರ: ಲಾಲ್‌ಬಾಗ್‌ನಿಂದ ಜಯನಗರದವರೆಗೆ ರುಮಾಲೆಯವರ ಜೊತೆ

ಬೆಂಗಳೂರಿನ ದಕ್ಷಿಣ ಭಾಗಕ್ಕೆ ನೀವು ಒಮ್ಮೆಯಾದರೂ ಬಂದೇ ಇರುತ್ತೀರಿ. ಮಗಳ ಸಂಸಾರ ಬಿಟಿಎಂ ಲೇಔಟ್‌ನಲ್ಲಿರಬಹುದು. ಅಣ್ಣನ ಮನೆ ತಿಲಕನಗರದಲ್ಲೋ ಗುರಪ್ಪನಪಾಳ್ಯದಲ್ಲೋ ಇರಬಹುದು. ಮಗ ಬನಶಂಕರಿಯ ಕಡೆ ಕಾಲೇಜಿಗೆ ಸೇರಿರಬಹುದು. ಇದಾವುದೂ ಇಲ್ಲದಿದ್ದರೆ ಆಸ್ಪತ್ರೆಯ ಕಾರಣವಾದರೂ ಇರುತ್ತದೆ. ಕಿದ್ವಾಯಿ, ನಿಮ್ಹಾನ್ಸ್, ಜಯದೇವ, ಈ ಮೂರೂ ಇರುವುದು ಇದೇ ಭಾಗದಲ್ಲಿ. ಕರಾವಳಿಯಿಂದ, ಮಲೆನಾಡಿನಿಂದ, ಉತ್ತರ ಕರ್ನಾಟಕದಿಂದ ರಾತ್ರಿ ಬಸ್ಸಿನಲ್ಲಿ ಹೊರಟು, ಬೆಳಗಾಗುವಾಗ ಕೈಯಲ್ಲಿ ಫೈಲು ಹಿಡಿದು ಇಲ್ಲಿ ಇಳಿಯುವ ಕುಟುಂಬಗಳು ಎಷ್ಟಿಲ್ಲ?

ಹಾಗೆ ಬಂದವರಿಗೆ ಬೆಂಗಳೂರು ಎಂದರೆ ಏನು ಕಾಣುತ್ತದೆ? ಆಟೊ ಮೀಟರು, ಸಿಗ್ನಲ್ಲು, ಮೇಲ್ಸೇತುವೆಯ ಕಂಬಗಳು, ಹೊಗೆ. ತಲೆಯೆತ್ತಿ ನೋಡುವಷ್ಟು ವ್ಯವಧಾನ ಯಾರಿಗಿದೆ? ಆದರೆ ಇದೇ ಊರಿನಲ್ಲಿ ಒಬ್ಬರು ತಲೆಯೆತ್ತಿ ನೋಡಿದರು. ಬರೀ ನೋಡಲಿಲ್ಲ, ಹೂ ಬಿಟ್ಟ ಮರದ ಎದುರು ನಿಂತು ಗಂಟೆಗಟ್ಟಲೆ ಅದನ್ನು ಬಣ್ಣದಲ್ಲಿ ಬರೆದರು. ಅವರ ಹೆಸರು ರುಮಾಲೆ ಚನ್ನಬಸವಯ್ಯ. ಕರ್ನಾಟಕದ ನಿಸರ್ಗ ಚಿತ್ರಕಾರರ ಸಾಲಿನಲ್ಲಿ ದೊಡ್ಡ ಹೆಸರು. ಆದರೂ ನಮ್ಮ ಮನೆಗಳಲ್ಲಿ ಈ ಹೆಸರು ಕೇಳಿದವರು ಕಡಿಮೆ. ಅವರು ಚಿತ್ರಿಸಿದ ಮರಗಳ ಕೆಳಗೆ ನಾವು ದಿನವೂ ಓಡಾಡುತ್ತಿರುವುದರಿಂದ ಅವರ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು. ಬನ್ನಿ, ಅವರ ಜೊತೆ ಒಂದು ಸುತ್ತು ನಡೆದು ಬರೋಣ.

ಬದಿಗೆ ಸರಿದ ಕುಂಚ

ರುಮಾಲೆಯವರು ಹುಟ್ಟಿದ್ದು 1910ರಲ್ಲಿ, ದೊಡ್ಡಬಳ್ಳಾಪುರದಲ್ಲಿ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ, ನೇಯ್ಗೆಗೆ ಹೆಸರಾದ ಊರು ಅದು. ಹುಡುಗನಿಗೆ ಚಿತ್ರದ ಹುಚ್ಚು. ಬೆಂಗಳೂರಿನಲ್ಲಿ ಎ.ಎನ್. ಸುಬ್ಬರಾಯರು ನಡೆಸುತ್ತಿದ್ದ ಕಲಾಮಂದಿರ, ಆಮೇಲೆ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ, ಹೀಗೆ ಅವರ ಕಲಿಕೆ ಸಾಗಿತು. ಎಲ್ಲವೂ ನೇರವಾಗಿ ನಡೆದಿದ್ದರೆ ಇಪ್ಪತ್ತೈದರ ವಯಸ್ಸಿಗೇ ಅವರು ಹೆಸರಾಂತ ಚಿತ್ರಕಾರರಾಗಿರುತ್ತಿದ್ದರೋ ಏನೋ.

ಆದರೆ ಅದು ಸ್ವಾತಂತ್ರ್ಯ ಚಳವಳಿಯ ಕಾಲ. ಗಾಂಧೀಜಿಯವರ ಕರೆಗೆ ಓಗೊಟ್ಟು ಓದು ಬಿಟ್ಟು ಹೊರಬಂದ ಸಾವಿರಾರು ತರುಣರಲ್ಲಿ ರುಮಾಲೆಯವರೂ ಒಬ್ಬರಾದರು. ಸೇವಾದಳದಲ್ಲಿ ದುಡಿದರು, ಜೈಲು ಕಂಡರು. ಸ್ವಾತಂತ್ರ್ಯ ಬಂದ ಮೇಲೂ ಸಾರ್ವಜನಿಕ ಜೀವನ ಅವರನ್ನು ಬಿಡಲಿಲ್ಲ. 'ತಾಯಿನಾಡು' ಪತ್ರಿಕೆಯ ಸಂಪಾದಕರಾಗಿ ಕೆಲಸ ಮಾಡಿದರು, ವಿಧಾನ ಪರಿಷತ್ತಿನ ಸದಸ್ಯರೂ ಆದರು. ಸಭೆ, ಭಾಷಣ, ಸಂಪಾದಕೀಯ, ಓಡಾಟ ಇವುಗಳ ನಡುವೆ ಕುಂಚ ಹೆಚ್ಚುಕಡಿಮೆ ಮೂಲೆ ಸೇರಿತು. ಒಂದೆರಡು ವರ್ಷವಲ್ಲ, ಸುಮಾರು ಮೂರು ದಶಕ!

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ನಮ್ಮಲ್ಲಿ ಹಾಗೆ ಏನನ್ನಾದರೂ ಬದಿಗಿಡದ ಹೆಂಗಸು ಯಾರಿದ್ದಾರೆ? ಮದುವೆಗೆ ಮುಂಚೆ ಅಂದವಾಗಿ ಮೆಹಂದಿ ಬರೆಯುತ್ತಿದ್ದವಳು, ಕಸೂತಿಯಲ್ಲಿ ಬಹುಮಾನ ಪಡೆದವಳು, ಶಾಲೆಯ ಗೋಡೆ ಪತ್ರಿಕೆಗೆ ಚಿತ್ರ ಬಿಡಿಸುತ್ತಿದ್ದವಳು, ಕವನ ಬರೆಯುತ್ತಿದ್ದವಳು, ಇವರೆಲ್ಲ ಈಗ ಎಲ್ಲಿ? ಮಕ್ಕಳು, ಅತ್ತೆ ಮಾವನ ಆರೈಕೆ, ಅಡುಗೆ, ನೆಂಟರು ಎನ್ನುತ್ತ ಪೆನ್ಸಿಲ್ಲು ಅಲಮಾರಿನ ಹಿಂದಕ್ಕೆ ಸರಿದಿದೆ. ಯಾರನ್ನೂ ದೂರುವ ಮಾತಲ್ಲ ಇದು. ಅದಕ್ಕಿಂತ ಮುಖ್ಯವೆಂದು ತೋರಿದ ಕರ್ತವ್ಯ ಬಂದಾಗ ಅದನ್ನು ಮಾಡಿದಿರಿ. ರುಮಾಲೆಯವರೂ ಅದನ್ನೇ ಮಾಡಿದರು. ಪ್ರಶ್ನೆ ಇಷ್ಟೇ: ಬದಿಗಿಟ್ಟದ್ದು ಅಲ್ಲಿಗೇ ಸತ್ತುಹೋಯಿತೇ?

1960ರ ದಶಕದ ಆರಂಭದಲ್ಲಿ ರುಮಾಲೆಯವರು ರಾಜಕೀಯದಿಂದ ಹೊರಬಂದು ಮತ್ತೆ ಕುಂಚ ಹಿಡಿದರು. ಆಗ ಅವರ ವಯಸ್ಸು ಐವತ್ತು ದಾಟಿತ್ತು. ನಿವೃತ್ತಿಯ ಲೆಕ್ಕ ಹಾಕುವ ವಯಸ್ಸು. ಸಮಕಾಲೀನ ಕಲೆ ಅಷ್ಟರಲ್ಲಿ ಬೇರೆ ದಾರಿ ಹಿಡಿದಿತ್ತು. ಬಣ್ಣದ ಚೌಕಗಳು, ಆಕಾರವಿಲ್ಲದ ಆಕೃತಿಗಳು ಫ್ಯಾಷನ್ನಾಗಿದ್ದ ಕಾಲದಲ್ಲಿ ಇವರು ಹೂವಿನ ಮರದ ಎದುರು ಹೋಗಿ ನಿಂತರು. 1988ರಲ್ಲಿ ತೀರಿಕೊಳ್ಳುವವರೆಗೆ ಸುಮಾರು ಕಾಲು ಶತಮಾನ ಅದೇ ಕೆಲಸ. ಇಂದು ನಾವು ರುಮಾಲೆಯವರನ್ನು ನೆನೆಯುವುದು ಮುಖ್ಯವಾಗಿ ಈ ಎರಡನೇ ಆರಂಭದ ಫಲಕ್ಕಾಗಿ.

ಲಾಲ್‌ಬಾಗ್‌ನ ಒಳಗೆ

ಅವರು ಚಿತ್ರಕ್ಕೆ ವಸ್ತುವನ್ನು ಹುಡುಕಲು ದೂರ ಹೋಗಲೇಬೇಕೆಂದಿರಲಿಲ್ಲ. ನದಿ, ಬೆಟ್ಟ, ಜಲಪಾತಗಳನ್ನೂ ಚಿತ್ರಿಸಿದ್ದಾರೆ, ನಿಜ. ಆದರೆ ಅವರನ್ನು ಹೆಸರುವಾಸಿ ಮಾಡಿದ್ದು ಬೆಂಗಳೂರಿನ ಮರಗಳು, ಅದರಲ್ಲೂ ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕ್. ಜಯನಗರ, ಬಸವನಗುಡಿ, ಸಿದ್ದಾಪುರದವರಿಗೆ ಲಾಲ್‌ಬಾಗ್ ಎಂದರೆ ಮನೆಯ ಹಿತ್ತಲಿದ್ದಂತೆ. ಹಾಗಾಗಿ ನಮ್ಮ ನಡಿಗೆಯನ್ನು ಅಲ್ಲಿಂದಲೇ ಶುರು ಮಾಡೋಣ.

ಮೆಟ್ರೋದ ಹಸಿರು ಮಾರ್ಗದಲ್ಲಿ ಬಂದರೆ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದು ಪಶ್ಚಿಮ ದ್ವಾರದಿಂದ ಒಳಗೆ ಹೋಗಬಹುದು. ಜಯನಗರದ ಕಡೆಯವರು ಅಶೋಕ ಸ್ತಂಭದ ಬಳಿಯ ಸಿದ್ದಾಪುರ ದ್ವಾರದಿಂದ ಬರಬಹುದು. ಬೆಳಗಿನ ಹೊತ್ತು ಬಂದರೆ ಒಳ್ಳೆಯದು. ಬಿಸಿಲು ಓರೆಯಾಗಿರುತ್ತದೆ, ನೆರಳು ಉದ್ದವಾಗಿರುತ್ತದೆ. ಚಿತ್ರಕಾರರಿಗೆ ಪ್ರಿಯವಾದ ಬೆಳಕು ಅದು. ಮಧ್ಯಾಹ್ನದ ನೆತ್ತಿಯ ಬಿಸಿಲಿನಲ್ಲಿ ಎಲ್ಲ ಬಣ್ಣವೂ ಬಿಳಿಚಿಕೊಂಡು ಚಪ್ಪಟೆಯಾಗುತ್ತದೆ.

ಈ ತೋಟವನ್ನು 1760ರಲ್ಲಿ ಹೈದರ್ ಅಲಿ ಆರಂಭಿಸಿದರು ಎಂಬುದು ನಿಮಗೆ ಗೊತ್ತಿರುವ ವಿಷಯ. ಟಿಪ್ಪು ಸುಲ್ತಾನರು ಹೊರ ದೇಶಗಳಿಂದ ಗಿಡ, ಬೀಜಗಳನ್ನು ತರಿಸಿ ಅದನ್ನು ಬೆಳೆಸಿದರು. ಆಮೇಲೆ ಬ್ರಿಟಿಷರ ಮತ್ತು ಮೈಸೂರು ಅರಸರ ಕಾಲದಲ್ಲಿ ಅದು ವಿಸ್ತರಿಸುತ್ತ ಹೋಯಿತು. ಇಂದು ಸುಮಾರು 240 ಎಕರೆ. ಒಳಗಿರುವ ಬಂಡೆಯ ಗುಡ್ಡಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದರ ಮೇಲೆ ಕೆಂಪೇಗೌಡರ ಹೆಸರಿನ ಗೋಪುರ. ಆಚೆ ಗಾಜಿನ ಮನೆ, ಅದರ ಶಂಕುಸ್ಥಾಪನೆಯಾದದ್ದು 1889ರಲ್ಲಿ. ಜನವರಿ 26 ಮತ್ತು ಆಗಸ್ಟ್ 15ರ ಸುಮಾರಿಗೆ ಫಲಪುಷ್ಪ ಪ್ರದರ್ಶನಕ್ಕೆಂದು ನೀವು ಮಕ್ಕಳನ್ನು ಕರೆದುಕೊಂಡು ಹೋಗುವುದು ಅಲ್ಲಿಗೇ.

ಈ ತೋಟಕ್ಕೂ ಚಿತ್ರಕಲೆಗೂ ಹಳೆಯ ನಂಟಿದೆ. 1791ರಲ್ಲಿ ಬೆಂಗಳೂರಿನ ಕೋಟೆ ಬ್ರಿಟಿಷರ ಕೈಸೇರಿದಾಗ ಅವರ ಸೈನ್ಯದ ಜೊತೆ ರಾಬರ್ಟ್ ಹೋಮ್, ಜೇಮ್ಸ್ ಹಂಟರ್ ಎಂಬ ಚಿತ್ರಕಾರರೂ ಇದ್ದರು. ಹಂಟರನ ಚಿತ್ರವೊಂದರಲ್ಲಿ ಬೆಂಗಳೂರಿನ ಸೈಪ್ರೆಸ್ ಮರಗಳ ತೋಟ ಕಾಣುತ್ತದೆ. ಸೈಪ್ರೆಸ್ ಎಂದರೆ ಉರ್ದು ಕಾವ್ಯದಲ್ಲಿ ಬರುವ 'ಸರ್ವ್', ಎತ್ತರಕ್ಕೆ ನೆಟ್ಟಗೆ ನಿಲ್ಲುವ ಮರ. ಗೆದ್ದವರ ಕಡೆಯವನು ಬರೆದ ಚಿತ್ರ ಅದು. ಆದರೂ ಸುಲ್ತಾನರ ಕಾಲದ ತೋಟವನ್ನು ಇಂದು ಕಣ್ಣಿಂದ ನೋಡಬೇಕೆಂದರೆ ನಮಗೆ ಅಂಥ ಚಿತ್ರಗಳೇ ಗತಿ. ಫೋಟೋ ಇಲ್ಲದ ಕಾಲದಲ್ಲಿ ಚಿತ್ರವೇ ಸಾಕ್ಷಿ. ಅನಂತರ ಜಾನ್ ಕ್ಯಾಮರಾನ್ ಲಾಲ್‌ಬಾಗ್‌ನ ಮೇಲ್ವಿಚಾರಕರಾಗಿದ್ದಾಗ ಚೆಲುವಯ್ಯ ರಾಜು ಎಂಬ ಸ್ಥಳೀಯ ಕಲಾವಿದರು ಇಲ್ಲಿನ ಗಿಡಗಳನ್ನು ಎಲೆ, ಹೂ, ಕಾಯಿ ಸಹಿತ ಸೂಕ್ಷ್ಮವಾಗಿ ಚಿತ್ರಿಸಿದರು. ಅದು ಸಸ್ಯಶಾಸ್ತ್ರಕ್ಕಾಗಿ ಮಾಡಿದ ಕೆಲಸ. ರುಮಾಲೆಯವರದು ಬೇರೆಯೇ ಕೆಲಸ. ಅವರಿಗೆ ಬೇಕಾದದ್ದು ಗಿಡದ ಭಾಗಗಳಲ್ಲ, ಬೆಳಕಿನಲ್ಲಿ ನಿಂತ ಇಡೀ ಮರ.

ಹೂವಿನ ಕ್ಯಾಲೆಂಡರ್

ರುಮಾಲೆಯವರ ಚಿತ್ರಗಳನ್ನು ಅರ್ಥ ಮಾಡಿಕೊಳ್ಳಲು ಇನ್ನೊಬ್ಬರ ಹೆಸರು ತಿಳಿದಿರಬೇಕು. ಗುಸ್ತಾವ್ ಕ್ರುಂಬಿಗಲ್. ಜರ್ಮನಿಯವರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಲಾಲ್‌ಬಾಗ್‌ನ ಹೊಣೆ ಹೊತ್ತರು. ಬೆಂಗಳೂರಿನಲ್ಲೇ ನೆಲೆಸಿ 1956ರಲ್ಲಿ ಇಲ್ಲೇ ತೀರಿಕೊಂಡರು. ಲಾಲ್‌ಬಾಗ್ ಪಕ್ಕದ ರಸ್ತೆಗೆ ಅವರ ಹೆಸರೇ ಇದೆ. ಅವರ ಯೋಚನೆ ಸರಳವಾಗಿತ್ತು: ಊರಿನ ರಸ್ತೆಗಳಲ್ಲಿ ಒಂದು ಜಾತಿಯ ಮರ ಹೂ ಉದುರಿಸುವಷ್ಟರಲ್ಲಿ ಇನ್ನೊಂದು ಜಾತಿ ಹೂ ಬಿಡಬೇಕು. ವರ್ಷವಿಡೀ ಎಲ್ಲಾದರೂ ಒಂದು ಕಡೆ ಹೂವಿರಬೇಕು.

ಆ ಸರದಿ ಹೀಗೆ ನಡೆಯುತ್ತದೆ. ಮಳೆ ನಿಂತು ಚಳಿ ಶುರುವಾಗುವಾಗ ಆಕಾಶ ಮಲ್ಲಿಗೆ. ಬೆಳ್ಳಗಿನ ಉದ್ದ ತೊಟ್ಟಿನ ಹೂ, ಬೆಳಿಗ್ಗೆ ಎದ್ದು ನೋಡಿದರೆ ರಸ್ತೆಯೆಲ್ಲ ಹಾಸಿರುತ್ತದೆ, ಗಮ್ಮೆನ್ನುವ ಪರಿಮಳ. ಡಿಸೆಂಬರ್, ಜನವರಿಯಲ್ಲಿ ಗುಲಾಬಿ ಬಣ್ಣದ ಟಬೆಬುಯಾ. ಫೆಬ್ರವರಿ, ಮಾರ್ಚ್‌ನಲ್ಲಿ ಅದರ ಹಳದಿ ಬಂಧು. ಎಲೆ ಉದುರಿದ ಕೊಂಬೆಯ ಮೇಲೆ ಬರೀ ಬಂಗಾರ. ಆ ಬಳಿಕ ನೇರಳೆ ನೀಲಿಯ ಜಕರಂಡ. ಅದೇ ಹೊತ್ತಿಗೆ ಹೊಂಗೆ ಚಿಗುರಿ ಸಣ್ಣ ಹೂಗಳನ್ನು ಅಕ್ಕಿ ಚೆಲ್ಲಿದಂತೆ ಉದುರಿಸುತ್ತದೆ. ಏಪ್ರಿಲ್, ಮೇ ಬಂದರೆ ಗುಲ್‌ಮೊಹರ್‌ನ ಕೆಂಪು, ಕಕ್ಕೆ ಮರದ ತೂಗುವ ಹಳದಿ ಗೊಂಚಲು, ಹೊಳೆದಾಸವಾಳದ ನೇರಳೆ.

ಇದರಲ್ಲಿ ಒಂದು ವಿಶೇಷ ಗಮನಿಸಿ. ಇವುಗಳಲ್ಲಿ ಎಷ್ಟೋ ಮರಗಳು ಈ ನೆಲದವಲ್ಲ. ಜಕರಂಡ ದಕ್ಷಿಣ ಅಮೆರಿಕದ್ದು. ಟಬೆಬುಯಾ ಕೂಡ ಅಮೆರಿಕ ಖಂಡದಿಂದ ಬಂದದ್ದು. ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು, ಹೆಸರಿನಲ್ಲಿ ಮಾತ್ರ ನಮ್ಮ 'ಗುಲ್' ಇದೆ. ಹೊಂಗೆ, ಕಕ್ಕೆ, ಹೊಳೆದಾಸವಾಳ ಇಲ್ಲಿಯವೇ. ಎಲ್ಲವೂ ಒಂದೇ ರಸ್ತೆಯಲ್ಲಿ ಪಕ್ಕಪಕ್ಕ ನಿಂತು ನೆರಳು ಕೊಡುತ್ತವೆ. ಹೊರಗಿನಿಂದ ಬಂದು ಇಲ್ಲಿಯದೇ ಆಗಿಬಿಟ್ಟ ಮರವನ್ನು ಬೆಂಗಳೂರಿನವರು ಯಾರೂ ಪರಕೀಯ ಎನ್ನುವುದಿಲ್ಲ.

ಕ್ರುಂಬಿಗಲ್ ನೆಟ್ಟ ಈ ಕ್ಯಾಲೆಂಡರನ್ನು ರುಮಾಲೆಯವರು ಓದಿದರು. ಜಕರಂಡ, ಗುಲ್‌ಮೊಹರ್, ಟಬೆಬುಯಾ, ಬೋಗನ್‌ವಿಲ್ಲಾ, ಇವೆಲ್ಲ ಅವರ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಅವರು ಮನೆಯಲ್ಲಿ ಕುಳಿತು ನೆನಪಿನಿಂದ ಬರೆಯುವವರಲ್ಲ, ಸ್ಥಳಕ್ಕೇ ಹೋಗಿ ಬರೆಯುವವರು. ಇದು ಎಷ್ಟು ಕಷ್ಟದ ಕೆಲಸ ಎಂದು ಊಹಿಸಿಕೊಳ್ಳಿ. ಟಬೆಬುಯಾ ತುಂಬಿ ನಿಲ್ಲುವುದು ಕೆಲವೇ ದಿನ. ಒಂದು ಜೋರು ಮಳೆ ಬಿದ್ದರೆ ಆಟ ಮುಗಿಯಿತು. ಬೆಳಗಿನ ಬೆಳಕು ಒಂದೆರಡು ಗಂಟೆಯಲ್ಲಿ ಬದಲಾಗುತ್ತದೆ. ಚಿತ್ರ ಅರ್ಧದಲ್ಲಿದ್ದರೆ ಮರುದಿನ ಅದೇ ಹೊತ್ತಿಗೆ ಅದೇ ಜಾಗಕ್ಕೆ ಬರಬೇಕು. ತೈಲವರ್ಣ ಬೇಗ ಒಣಗುವುದಿಲ್ಲ, ಹಸಿ ಕ್ಯಾನ್ವಾಸನ್ನು ಜೋಪಾನವಾಗಿ ಹೊತ್ತು ಮನೆ ಸೇರಬೇಕು. ವರ್ಷ ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕು. ಐವತ್ತು, ಅರವತ್ತು, ಎಪ್ಪತ್ತರ ವಯಸ್ಸಿನಲ್ಲಿ ಒಬ್ಬ ಮನುಷ್ಯ ಈ ಕಾಯುವ ಕೆಲಸವನ್ನು ಮಾಡುತ್ತಿದ್ದರು.

ಚಿತ್ರ ನೋಡುವ ಬಗೆ

ಚಿತ್ರಕಲೆ ನಮಗೆ ತಿಳಿಯುವುದಿಲ್ಲ ಎಂದು ಹಲವರು ದೂರ ಸರಿಯುತ್ತಾರೆ. ರುಮಾಲೆಯವರ ಚಿತ್ರಗಳಿಗೆ ಆ ಭಯ ಬೇಡ. ಅಲ್ಲಿರುವುದು ನಿಮಗೆ ಗೊತ್ತಿರುವ ರಸ್ತೆ, ಗೊತ್ತಿರುವ ಮರ. ಹತ್ತಿರ ಹೋದರೆ ದಪ್ಪನೆಯ ಬಣ್ಣದ ಚಿಕ್ಕ ಚಿಕ್ಕ ಗೆರೆ, ಚುಕ್ಕೆ ಮಾತ್ರ ಕಾಣುತ್ತವೆ. ನಾಲ್ಕು ಹೆಜ್ಜೆ ಹಿಂದೆ ಬನ್ನಿ, ಅವೇ ಕೂಡಿಕೊಂಡು ಹೂ ತುಂಬಿದ ಮರವಾಗುತ್ತವೆ, ಕೆಳಗೆ ಬಿದ್ದ ಹೂವಿನ ಹಾಸಾಗುತ್ತವೆ. ಕಸೂತಿ ಮಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದೊಂದು ಹೊಲಿಗೆ ಬರೀ ದಾರದ ತುಂಡು, ದೂರದಿಂದ ನೋಡಿದರೆ ನವಿಲು ಅಥವಾ ಬಳ್ಳಿ.

ಇನ್ನೊಂದು ವಿಷಯ ಬಣ್ಣದ್ದು. ನೆರಳು ಎಂದರೆ ಕಪ್ಪು ಎಂದು ನಾವು ಅಂದುಕೊಂಡಿದ್ದೇವೆ. ಲಾಲ್‌ಬಾಗ್‌ನ ಹಾದಿಯಲ್ಲಿ ನಿಂತು ಸರಿಯಾಗಿ ನೋಡಿ. ಹಳದಿ ಹೂವಿನ ಮರದ ಕೆಳಗಿನ ನೆರಳಿನಲ್ಲಿ ನೇರಳೆ ಛಾಯೆ ಇರುತ್ತದೆ, ಕೆಂಪು ಮಣ್ಣಿನ ಮೇಲಿನ ನೆರಳಿನಲ್ಲಿ ನೀಲಿ ಇರುತ್ತದೆ. ಇಂಥ ಬಣ್ಣಗಾರಿಕೆ ಮತ್ತು ಕುಂಚದ ರಭಸಕ್ಕಾಗಿ ರುಮಾಲೆಯವರನ್ನು ಯುರೋಪಿನ ವ್ಯಾನ್ ಗೋಗ್‌ಗೆ ಹೋಲಿಸಿದವರಿದ್ದಾರೆ. ಹೋಲಿಕೆ ಇರಲಿ. ವ್ಯಾನ್ ಗೋಗ್‌ನ ಚಿತ್ರಗಳಲ್ಲಿ ಒಂದು ತಳಮಳ ಇದೆ, ರುಮಾಲೆಯವರದರಲ್ಲಿ ಇರುವುದು ಸಂತೋಷ. ಜೈಲು, ರಾಜಕೀಯ, ಪತ್ರಿಕೆ ಎಲ್ಲ ನೋಡಿ ಬಂದ ಮನುಷ್ಯ ಕೊನೆಗೆ ಬರೆದದ್ದು ದೂರನ್ನಲ್ಲ, ಹೂವನ್ನು.

ಅವರಿಗಿಂತ ಹಿರಿಯರಾದ ಕೆ. ವೆಂಕಟಪ್ಪನವರ (1886-1965) ಹೆಸರನ್ನೂ ಇಲ್ಲಿ ಹೇಳಬೇಕು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ ಅವರು ಊಟಿ, ಕೊಡೈಕನಾಲ್‌ಗಳ ಮಂಜು ಮತ್ತು ಬೆಟ್ಟಗಳನ್ನು ಜಲವರ್ಣದಲ್ಲಿ ಹಿಡಿದವರು. ವೆಂಕಟಪ್ಪನವರು ಬೆಟ್ಟ ಹತ್ತಿ ಹೋಗಿ ತಂದದ್ದನ್ನು ರುಮಾಲೆಯವರು ಬಸ್ಸು ಓಡಾಡುವ ಊರಿನ ನಡುವೆ ಕಂಡರು.

ನಮ್ಮ ಮನೆಗಳ ಗೋಡೆಗೆ ಈ ಬಗೆಯ ಚಿತ್ರ ಹೊಸದಲ್ಲ. ಮನುಷ್ಯರ ಚಿತ್ರ ತೂಗು ಹಾಕುವ ರೂಢಿ ನಮ್ಮಲ್ಲಿ ಕಡಿಮೆ. ಸುಂದರ ಅಕ್ಷರ, ಹೂಬಳ್ಳಿಯ ವಿನ್ಯಾಸ, ಇಲ್ಲವೇ ಒಂದು ನಿಸರ್ಗ ದೃಶ್ಯ, ಇವೇ ಹೆಚ್ಚು. ಆದರೆ ಆ ನಿಸರ್ಗ ದೃಶ್ಯ ಸಾಮಾನ್ಯವಾಗಿ ಎಲ್ಲಿಯದು? ಸ್ವಿಟ್ಜರ್ಲೆಂಡಿನ ಹಿಮ, ಹೆಸರು ಗೊತ್ತಿಲ್ಲದ ಸರೋವರ, ಪೈನ್ ಮರ. ನಾವು ಕಾಣದ ಊರಿನ ಮುದ್ರಿತ ಚಿತ್ರ ನಮ್ಮ ಬೈಠಕ್ ಕೋಣೆಯಲ್ಲಿ ತೂಗುತ್ತದೆ, ಕಿಟಕಿಯ ಹೊರಗೆ ಹೂ ಬಿಟ್ಟ ಹೊಂಗೆಯನ್ನು ನಾವು ನೋಡಿರುವುದಿಲ್ಲ. ಈ ಮಾತು ಸ್ವಲ್ಪ ಕಹಿಯಾಗಿದ್ದರೂ ಯೋಚಿಸಬೇಕಾದದ್ದು.

ಜಯನಗರದ ಕಡೆಗೆ

ಈಗ ಲಾಲ್‌ಬಾಗ್‌ನಿಂದ ಹೊರಬಂದು ತೆಂಕಣಕ್ಕೆ ನಡೆಯೋಣ. ಅಶೋಕ ಸ್ತಂಭ ಜಯನಗರದ ಹುಟ್ಟಿನ ಗುರುತು. 1948ರಲ್ಲಿ ಈ ಬಡಾವಣೆಗೆ ಅಡಿಗಲ್ಲು ಬಿದ್ದಿತು. ಹತ್ತಿರದ ಸೌತ್ ಎಂಡ್ ಸರ್ಕಲ್, ಹೆಸರೇ ಹೇಳುವಂತೆ, ಒಂದು ಕಾಲಕ್ಕೆ ಊರಿನ ದಕ್ಷಿಣದ ತುದಿ. ಅಲ್ಲಿಂದಾಚೆ ಹೊಲ, ಕೆರೆ, ಹಳ್ಳಿಗಳು. ಬಿಟಿಎಂ ಎಂಬ ಮೂರು ಅಕ್ಷರದಲ್ಲೂ ಆ ಹಳ್ಳಿಗಳೇ ಅಡಗಿವೆ: ಬೈರಸಂದ್ರ, ತಾವರೆಕೆರೆ, ಮಡಿವಾಳ. ಯಡಿಯೂರು ಕೆರೆ, ಸಾರಕ್ಕಿ ಕೆರೆ, ಮಡಿವಾಳ ಕೆರೆ ಈಗಲೂ ಉಳಿದಿವೆ, ಎಷ್ಟೋ ಕೆರೆಗಳು ಹೋಗಿವೆ.

ಜಯನಗರದ ಒಳರಸ್ತೆಗಳಲ್ಲಿ ಇಂದಿಗೂ ಮಧ್ಯಾಹ್ನ ಕೊಡೆಯಿಲ್ಲದೆ ನಡೆಯಬಹುದಾದ ಜಾಗಗಳಿವೆ. ಆ ನೆರಳು ತಾನಾಗಿ ಬಂದದ್ದಲ್ಲ. 1980ರ ದಶಕದಲ್ಲಿ ಎಸ್.ಜಿ. ನೇಗಿನಹಾಳ ಎಂಬ ಅರಣ್ಯಾಧಿಕಾರಿಯ ಮುಂದಾಳ್ತನದಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ದನ ಮೇಯದಂತೆ ಬೇಲಿ ಕಟ್ಟಿ, ಮನೆಯವರಿಗೆ ನೀರು ಹಾಕಲು ಒಪ್ಪಿಸಿ ಬೆಳೆಸಿದ ಮರಗಳು ಅವು. ನೇಗಿನಹಾಳರು 2021ರಲ್ಲಿ ತೀರಿಕೊಂಡರು. ಅವರ ನೆರಳಿನಲ್ಲಿ ತರಕಾರಿ ಚೀಲ ಹಿಡಿದು ನಡೆಯುವವರಲ್ಲಿ ಅವರ ಹೆಸರು ಬಲ್ಲವರೆಷ್ಟು?

ಸೌತ್ ಎಂಡ್ ಸರ್ಕಲ್‌ನಿಂದ ಮುಂದೆ ನಂದಾ ರಸ್ತೆಗೆ ಬನ್ನಿ. ತಲೆಯ ಮೇಲೆ ಮೆಟ್ರೋ ಓಡುತ್ತದೆ. ಈ ರಸ್ತೆಯ ನಡುವೆ ಹಿಂದೆ ಮರಗಳ ಉದ್ಯಾನವಿತ್ತು. 2009ರಲ್ಲಿ ಮೆಟ್ರೋ ಕಾಮಗಾರಿಗಾಗಿ ಇಲ್ಲಿನ ಮರಗಳನ್ನು ಕಡಿದಾಗ, ಲಾಲ್‌ಬಾಗ್‌ನ ಗೋಡೆ ಒಡೆದಾಗ, ಈ ಭಾಗದ ನಿವಾಸಿಗಳು, ವಿದ್ಯಾರ್ಥಿಗಳು, ವಯಸ್ಸಾದವರು ಬೀದಿಗೆ ಬಂದು ಪ್ರತಿಭಟಿಸಿದರು. ಮರಗಳು ಉಳಿಯಲಿಲ್ಲ. 2017ರಿಂದ ರೈಲು ಓಡುತ್ತಿದೆ. 2025ರಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗವೂ ಶುರುವಾಯಿತು. ಅದೇ ವರ್ಷ ಸುರಂಗ ರಸ್ತೆಯ ಯೋಜನೆಗೆ ಲಾಲ್‌ಬಾಗ್‌ನ ಜಾಗ ಬೇಕೆಂಬ ಪ್ರಸ್ತಾವ ಬಂದಾಗ ಜನ ಮತ್ತೆ ದನಿಯೆತ್ತಿದರು.

ಮೆಟ್ರೋ ಬೇಡವಿತ್ತು ಎಂದು ಹೇಳುವುದು ಸುಲಭವಲ್ಲ. ಬಸ್ಸಿನ ನೂಕುನುಗ್ಗಲಿನಲ್ಲಿ ಕಷ್ಟಪಡುತ್ತಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ, ಜಯದೇವ ಆಸ್ಪತ್ರೆಗೆ ಹೋಗುವ ರೋಗಿಗಳಿಗೆ ಅದರಿಂದ ಉಪಕಾರವಾಗಿದೆ. ಆದರೆ ನೆರಳು ಹೋದದ್ದರ ನಷ್ಟ ಯಾರಿಗೆ? ಕಾರಿನಲ್ಲಿ ಓಡಾಡುವವರಿಗೆ ಅದು ಅಷ್ಟಾಗಿ ತಿಳಿಯುವುದಿಲ್ಲ. ಮಕ್ಕಳನ್ನು ಶಾಲೆಯಿಂದ ನಡೆಸಿಕೊಂಡು ಬರುವ ತಾಯಿಗೆ, ಗಾಡಿಯಲ್ಲಿ ಹೂ ಹಣ್ಣು ಮಾರುವವಳಿಗೆ, ಬಸ್ ನಿಲ್ದಾಣದಲ್ಲಿ ಕಾಯುವ ಮುದುಕಿಗೆ ಏಪ್ರಿಲ್ ತಿಂಗಳಲ್ಲಿ ಅದು ಚೆನ್ನಾಗಿ ತಿಳಿಯುತ್ತದೆ. ಮರ ಕಡಿಯಲು ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು. 50ಕ್ಕಿಂತ ಹೆಚ್ಚು ಮರಗಳಿಗೆ ಕುತ್ತು ಬರುವಂತಿದ್ದರೆ ಸಾರ್ವಜನಿಕರ ಆಕ್ಷೇಪಣೆಯನ್ನೂ ಕೇಳಬೇಕು. ಆದರೆ ಆಕ್ಷೇಪಿಸಬೇಕಾದರೆ ಆ ಮರ ಅಲ್ಲಿದೆ ಎಂಬುದಾದರೂ ನಮಗೆ ಗೊತ್ತಿರಬೇಕಲ್ಲವೇ?

ರುಮಾಲೆಯವರ ಚಿತ್ರಗಳ ಬೆಲೆ ಇಲ್ಲಿ ಇನ್ನೊಂದು ಬಗೆಯಲ್ಲಿ ತಿಳಿಯುತ್ತದೆ. 1960, 70, 80ರ ದಶಕಗಳ ಬೆಂಗಳೂರು ಅವುಗಳಲ್ಲಿದೆ. ಅಗಲವಾದ ಖಾಲಿ ರಸ್ತೆ, ಅಂಚಿನಲ್ಲಿ ಮರ, ಮರದ ತುಂಬ ಹೂ. ಸುಲ್ತಾನರ ಸೈಪ್ರೆಸ್ ತೋಟಕ್ಕೆ ಹಂಟರನ ಚಿತ್ರ ಸಾಕ್ಷಿಯಾದಂತೆ, ನೆರಳಿನ ಬೆಂಗಳೂರಿಗೆ ಇವು ಸಾಕ್ಷಿ. ಅವರು ದಾಖಲೆ ಮಾಡಬೇಕೆಂದು ಹೊರಟವರಲ್ಲ. ಪ್ರೀತಿಯಿಂದ ನೋಡಿದರು, ನೋಡಿದ್ದನ್ನು ಬರೆದರು. ಆ ಮೂಲಕ ಅದು ಉಳಿಯಿತು.

ನೀವೂ ಹೋಗಿ ನೋಡಿ

ಅವರ ಚಿತ್ರಗಳನ್ನು ಕಾಪಾಡಿಕೊಂಡು ಬಂದಿರುವ ರುಮಾಲೆ ಆರ್ಟ್ ಹೌಸ್ ರಾಜಾಜಿನಗರದಲ್ಲಿದೆ. ಜಯನಗರದಿಂದ ಮೆಟ್ರೋದ ಅದೇ ಹಸಿರು ಮಾರ್ಗ ರಾಜಾಜಿನಗರಕ್ಕೂ ಹೋಗುತ್ತದೆ. ಹೋಗುವ ಮುನ್ನ ವೇಳೆ ವಿಚಾರಿಸಿಕೊಳ್ಳಿ. ಮೊದಲು ಒಂದು ಬೆಳಿಗ್ಗೆ ಲಾಲ್‌ಬಾಗ್ ಸುತ್ತಿ, ಆಮೇಲೆ ಚಿತ್ರ ನೋಡಲು ಹೋದರೆ ಮಕ್ಕಳಿಗೆ ಹೆಚ್ಚು ರುಚಿಸುತ್ತದೆ. ಮರ ನೋಡಿದ ಕಣ್ಣಿಗೆ ಚಿತ್ರ ಹತ್ತಿರವಾಗುತ್ತದೆ.

ಆಸ್ಪತ್ರೆಗೆಂದು ಬಂದವರಿಗೆ ಒಂದು ಮಾತು. ಕಿದ್ವಾಯಿ ಇರುವ ರಸ್ತೆಯ ಹೆಸರು ಡಾ. ಎಂ.ಎಚ್. ಮರಿಗೌಡ ರಸ್ತೆ. ಮರಿಗೌಡರು ಲಾಲ್‌ಬಾಗ್‌ನ ಮುಖ್ಯಸ್ಥರಾಗಿ, ರಾಜ್ಯದ ತೋಟಗಾರಿಕೆ ಇಲಾಖೆಯನ್ನು ಕಟ್ಟಿ ಬೆಳೆಸಿದವರು. ಅಲ್ಲಿಂದ ಲಾಲ್‌ಬಾಗ್ ಆಟೊದಲ್ಲಿ ಸ್ವಲ್ಪವೇ ದೂರ. ರಿಪೋರ್ಟು ಸಂಜೆಗೆ ಬರುತ್ತದೆ ಎಂದಾಗ, ರೋಗಿಯ ಬಳಿ ಇನ್ನೊಬ್ಬರು ಇದ್ದರೆ, ಒಂದು ಗಂಟೆ ಅಲ್ಲಿ ಹೋಗಿ ಕುಳಿತು ಬನ್ನಿ. ವಾರಗಟ್ಟಲೆ ಕಾರಿಡಾರಿನ ಬೆಂಚಿನ ಮೇಲೆ ಕುಳಿತು ಆರೈಕೆ ಮಾಡುವವರಿಗೂ ಉಸಿರು ಬೇಕು.

ಮನೆಯಲ್ಲಿರುವವರು ಹೀಗೆ ಮಾಡಬಹುದು. ನೂರು ಪುಟದ ಒಂದು ನೋಟ್‌ಬುಕ್ಕು ತೆಗೆದುಕೊಳ್ಳಿ. ನಿಮ್ಮ ಬೀದಿಯಲ್ಲಿ ಎಷ್ಟು ಮರಗಳಿವೆ, ಅವುಗಳ ಹೆಸರೇನು, ಯಾವ ತಿಂಗಳು ಹೂ ಬಿಟ್ಟಿತು ಎಂದು ಮಕ್ಕಳ ಕೈಯಲ್ಲಿ ಬರೆಸಿ. ಪಕ್ಕದಲ್ಲಿ ಎಲೆಯ ಆಕಾರ ಬಿಡಿಸಲಿ. ಹೆಸರು ಗೊತ್ತಿಲ್ಲದಿದ್ದರೆ ಬೀದಿಯ ಹಿರಿಯರನ್ನು ಕೇಳಲಿ. ಬೆಂಗಳೂರೇ ಆಗಬೇಕೆಂದಿಲ್ಲ. ಪುತ್ತೂರು, ಭಟ್ಕಳ, ಶಿವಮೊಗ್ಗ, ಬಿಜಾಪುರ, ಎಲ್ಲ ಕಡೆಯೂ ಬೀದಿಯಿದೆ, ಮರವಿದೆ. ಮರ ನೆಡುವುದು ಪುಣ್ಯದ ಕೆಲಸವೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ನೆಟ್ಟ ಮರವನ್ನು ಗುರುತಿಸುವುದನ್ನೂ ಅದರ ಜೊತೆಗೇ ಹೇಳಿಕೊಡಬೇಕು.

ಕೊನೆಯದಾಗಿ, ಪೆನ್ಸಿಲ್ಲನ್ನು ಅಲಮಾರಿನ ಹಿಂದೆ ಇಟ್ಟ ಸಹೋದರಿಯರಿಗೆ. ಮಕ್ಕಳು ದೊಡ್ಡವರಾದರು, ಇನ್ನೇನು ಕಲಿಯುವುದು ಎಂದು ನಲವತ್ತೈದಕ್ಕೇ ಕೈಚೆಲ್ಲಿದವರು ನಮ್ಮಲ್ಲಿ ಬಹಳ. ರುಮಾಲೆಯವರು ಐವತ್ತರ ಮೇಲೆ ಕುಂಚವನ್ನು ಮತ್ತೆ ಕೈಗೆತ್ತಿಕೊಂಡಾಗ ಅವರ ಬೆರಳಿಗೆ ಅಭ್ಯಾಸ ತಪ್ಪಿತ್ತು, ಆದರೆ ಕಣ್ಣಿಗೆ ನೋಡುವ ಆಸೆ ಉಳಿದಿತ್ತು. ಅಷ್ಟು ಸಾಕಾಯಿತು. ನಿಮ್ಮ ಚಿತ್ರ ಪ್ರದರ್ಶನಕ್ಕೆ ಹೋಗಬೇಕೆಂದಿಲ್ಲ, ಯಾರೂ ಹೊಗಳಬೇಕೆಂದಿಲ್ಲ. ಮಧ್ಯಾಹ್ನದ ಕೆಲಸ ಮುಗಿದು ಮನೆ ನಿಶ್ಶಬ್ದವಾಗುವ ಅರ್ಧ ಗಂಟೆಯಲ್ಲಿ ಕಿಟಕಿಯ ಹತ್ತಿರ ಕುಳಿತು, ಎದುರಿನ ಮರವನ್ನು ಒಮ್ಮೆ ಬಿಡಿಸಿ ನೋಡಿ. ಮೊದಲ ದಿನ ಅದು ಮರದಂತೆ ಕಾಣದೇ ಇರಬಹುದು. ಮರುದಿನ ಅದೇ ಹೊತ್ತಿಗೆ ಮತ್ತೆ ಕುಳಿತುಕೊಳ್ಳಿ.